ರಾಷ್ಟ್ರೀಯ ಸಂಘದಲ್ಲಿ ಉಳಿಯುವುದೋ ಬಿಡುವುದೋ: ಪೈಲಟ್‌ಗಳ ಪ್ರಕರಣದಿಂದ ಕಲಿಯುವ ಕಾರ್ಮಿಕ ಕಾನೂನು

ರಾಯಚೂರಿನ ನಮ್ಮ ಅಧ್ಯಯನ ಗುಂಪಿನಲ್ಲಿ ಕಾರ್ಮಿಕ ಸಂಘ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಟ್ಟಿ ಚಿನ್ನದ ಗಣಿಯಲ್ಲಿ ಸಂಘದ ಚುನಾವಣೆ ಬಂತೆಂದರೆ ಲಿಂಗಸುಗೂರು ಕಡೆಯವರ ಬಾಯಲ್ಲಿ ಬೇರೆ ಮಾತೇ ಇರುವುದಿಲ್ಲ. ಶಕ್ತಿನಗರದ ಕಾರ್ಮಿಕರ ಮನೆಗಳಿಂದ ಬಂದವರೂ ನಮ್ಮಲ್ಲಿದ್ದಾರೆ. ಆದರೂ ಸಾಮೂಹಿಕ ಚೌಕಾಸಿಯ, ಅಂದರೆ ಕಾರ್ಮಿಕರ ಪರವಾಗಿ ಸಂಘ ಆಡಳಿತದೊಂದಿಗೆ ಮಾತುಕತೆ ನಡೆಸುವ ಪದ್ಧತಿಯ, ಅಧ್ಯಾಯಕ್ಕೆ ಬಂದಾಗ ಹೆಚ್ಚಿನವರು ತಡವರಿಸುವುದು ಒಂದೇ ಜಾಗದಲ್ಲಿ: ಬಹುಮತ ಪಡೆದ ಒಂದೇ ಸಂಘ ಎಲ್ಲರ ಪರವಾಗಿ ಮಾತನಾಡುತ್ತದೆ ಎಂಬ ತತ್ವ. ಪಠ್ಯದಲ್ಲಿ ಅದು ಎರಡು ಸಾಲು. ಆ ಎರಡು ಸಾಲು ಜನರ ಬದುಕಿನಲ್ಲಿ ಏನೇನು ಮಾಡಬಲ್ಲದು ಎಂಬುದನ್ನು ಅಮೆರಿಕದ ಪೈಲಟ್‌ಗಳ ಜಗಳ ತೋರಿಸುವಷ್ಟು ಸ್ಪಷ್ಟವಾಗಿ ಬೇರೆ ಯಾವ ಪ್ರಕರಣವೂ ತೋರಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಈ ಟಿಪ್ಪಣಿ.

ಮೊದಲು ಹಿನ್ನೆಲೆ, ಚುಟುಕಾಗಿ. ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್, ಅಂದರೆ ಅಲ್ಪಾ, 1931ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಡೇವಿಡ್ ಬೆಂಕಿ ಮೊದಲ ಅಧ್ಯಕ್ಷ. ಇಂದು ಅಮೆರಿಕ ಮತ್ತು ಕೆನಡಾಗಳ ಹತ್ತಾರು ವಿಮಾನ ಕಂಪನಿಗಳ 75 ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಅದರಲ್ಲಿದ್ದಾರೆ. ಪ್ರತಿ ಕಂಪನಿಯ ಪೈಲಟ್‌ಗಳಿಗೂ ತಮ್ಮದೇ ಚುನಾಯಿತ ಮಂಡಳಿ ಇರುತ್ತದೆ, ಮೇಲೆ ರಾಷ್ಟ್ರೀಯ ಕಚೇರಿ ಇರುತ್ತದೆ. ಎಲ್ಲ ದೊಡ್ಡ ಕಂಪನಿಗಳೂ ಇದರಲ್ಲಿಲ್ಲ. ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು 1963ರಲ್ಲೇ ಹೊರಬಂದು ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಕಟ್ಟಿಕೊಂಡರು. ಸೌತ್‌ವೆಸ್ಟ್ ಮತ್ತು ಯುಪಿಎಸ್ ಪೈಲಟ್‌ಗಳಿಗೂ ಸ್ವಂತ ಸಂಘಗಳಿವೆ.

ಇನ್ನು ಕಾನೂನು. ಅಲ್ಲಿ ವಿಮಾನಯಾನಕ್ಕೆ ಅನ್ವಯವಾಗುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆ; 1936ರ ತಿದ್ದುಪಡಿಯಿಂದ ವಿಮಾನ ಕಂಪನಿಗಳೂ ಅದರೊಳಗೆ ಬಂದವು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ನಮ್ಮ ಕಾರ್ಮಿಕ ಸಂಘಗಳ ಕಾಯ್ದೆಯೂ 1926ರದ್ದೇ, ಆದ್ದರಿಂದ ಇಸವಿ ನೆನಪಿಡುವುದು ಸುಲಭ. ಆದರೆ ಎರಡರ ದಾರಿ ಪೂರ್ತಿ ಬೇರೆ. ನಮ್ಮಲ್ಲಿ ಮೂಲ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದಿತ್ತು. 2001ರ ತಿದ್ದುಪಡಿ ಅದಕ್ಕೆ ಶೇ 10ರಷ್ಟು ಅಥವಾ ನೂರು ಕಾರ್ಮಿಕರು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಎಂಬ ಷರತ್ತು ಸೇರಿಸಿತು. ಅಮೆರಿಕದಲ್ಲಿ ಹಾಗಿಲ್ಲ. ಒಂದು ಕಂಪನಿಯ ಎಲ್ಲ ಪೈಲಟ್‌ಗಳು, ದೇಶದ ಯಾವ ಮೂಲೆಯಲ್ಲಿದ್ದರೂ, ಒಂದೇ ವರ್ಗ. ಆ ವರ್ಗಕ್ಕೆ ಒಂದೇ ಸಂಘ. ಬದಲಾಯಿಸಬೇಕೆಂದರೆ ಕನಿಷ್ಠ ಅರ್ಧದಷ್ಟು ಪೈಲಟ್‌ಗಳ ಸಹಿ ಸಂಗ್ರಹಿಸಿ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯ ಮುಂದಿಡಬೇಕು, ಆಮೇಲೆ ಮತದಾನ.

ಇಲ್ಲಿ ನಿಂತು ಯೋಚಿಸಿ. 'ಸಂಘ ಬಿಡುವುದು' ಎಂದಾಗ ನಮ್ಮ ಕಣ್ಣಿಗೆ ಬರುವ ಚಿತ್ರವೇ ಬೇರೆ: ಮನಸ್ತಾಪವಾಯಿತು, ನಾಲ್ಕು ಜನ ಎದ್ದು ಹೋದರು, ಬೇರೆ ಫಲಕ ತೂಗುಹಾಕಿದರು. ಪೈಲಟ್‌ಗಳ ವಿಷಯದಲ್ಲಿ ಬಿಡುವವರು ಒಬ್ಬಂಟಿಯಾಗಿ ಬಿಡಲು ಆಗುವುದಿಲ್ಲ. ಶೇ 55ರಷ್ಟು ಜನ ಬಿಡೋಣ ಎಂದರೆ ಉಳಿದ ಶೇ 45ರಷ್ಟು ಜನರೂ ಅವರ ಜೊತೆ ಹೊರಟಂತೆಯೇ. ನಾಳೆ ಬೆಳಗ್ಗೆ ಅವರ ಪರ ಒಪ್ಪಂದಕ್ಕೆ ಸಹಿ ಹಾಕುವುದು, ನಿನ್ನೆಯವರೆಗೆ ಅವರು ವಿರೋಧಿಸಿದ ಸಂಘ. ನನ್ನ ದೃಷ್ಟಿಯಲ್ಲಿ ಇಡೀ ಅಧ್ಯಾಯದ ಕೀಲಿ ಇದು. ಹೊರನಡೆದರೆ ದೂರದ ರಾಷ್ಟ್ರೀಯ ಕಚೇರಿಯೊಂದಿಗಿನ ನಂಟು ಕಡಿಯುತ್ತದೆ, ಪಕ್ಕದ ಸೀಟಿನಲ್ಲಿ ಕೂತ ಸಹೋದ್ಯೋಗಿಯೊಂದಿಗಿನ ಜಗಳ ಹಾಗೇ ಉಳಿಯುತ್ತದೆ.

ಹಾಗಾದರೆ ಜಗಳ ಯಾವುದರ ಮೇಲೆ? ವಂತಿಗೆಯ ಮೇಲೆ ಎಂದು ಹಲವರು ಊಹಿಸುತ್ತಾರೆ. ಅಲ್ಪಾ ಸದಸ್ಯರು ಆದಾಯದ ಶೇ 2ಕ್ಕಿಂತ ಸ್ವಲ್ಪ ಕಡಿಮೆ ಕೊಡುತ್ತಾರೆ, ಅದರ ಬಗ್ಗೆ ಗೊಣಗಾಟ ಸದಾ ಇದ್ದದ್ದೇ. ಆದರೆ ನಿಜವಾಗಿ ಸಂಘ ಒಡೆಯುವಷ್ಟು ಸಿಟ್ಟು ಹುಟ್ಟುವುದು ಜ್ಯೇಷ್ಠತಾ ಪಟ್ಟಿಯಿಂದ.

ಪೈಲಟ್‌ನ ಬದುಕಿನಲ್ಲಿ ಆ ಪಟ್ಟಿಯಲ್ಲಿರುವ ತನ್ನ ಸಂಖ್ಯೆಯೇ ಸರ್ವಸ್ವ. ಯಾವ ವಿಮಾನ ಹಾರಿಸುತ್ತಾನೆ, ಎಡ ಸೀಟಿನ ಕ್ಯಾಪ್ಟನ್ ಆಗುತ್ತಾನೋ ಬಲ ಸೀಟಿನಲ್ಲೇ ಫಸ್ಟ್ ಆಫೀಸರ್ ಆಗಿ ಉಳಿಯುತ್ತಾನೋ, ಯಾವ ಊರಿನಿಂದ ಕೆಲಸ ಆರಂಭಿಸುತ್ತಾನೆ, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಕಂಪನಿ ಕಷ್ಟಕ್ಕೆ ಬಿದ್ದಾಗ ಮೊದಲು ಮನೆಗೆ ಹೋಗುವವರು ಯಾರು, ಎಲ್ಲವೂ ಆ ಸಂಖ್ಯೆಯಿಂದ. ಕಂಪನಿ ಬದಲಿಸಿದರೆ ಇಪ್ಪತ್ತು ವರ್ಷದ ಅನುಭವವಿದ್ದರೂ ಹೊಸ ಕಂಪನಿಯ ಪಟ್ಟಿಯ ತಳದಿಂದ ಶುರು. ಆದ್ದರಿಂದ 'ಇಷ್ಟವಿಲ್ಲದಿದ್ದರೆ ಕೆಲಸ ಬಿಡು' ಎಂಬ ಮಾತು ಪೈಲಟ್‌ಗೆ ಅರ್ಥವಿಲ್ಲದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ: ಹೊಲ ಎಷ್ಟೇ ಫಲವತ್ತಾಗಿರಲಿ, ಮೇಲ್ಭಾಗದವರು ಹರಿಸಿಕೊಂಡ ನಂತರ ಎಷ್ಟು ನೀರು ಉಳಿಯುತ್ತದೆ ಎಂಬುದೇ ಅವನ ವರ್ಷವನ್ನು ತೀರ್ಮಾನಿಸುತ್ತದೆ. ಈಗ ಎರಡು ಕಂಪನಿಗಳು ವಿಲೀನವಾದವು ಎನ್ನಿ. ಎರಡು ಪಟ್ಟಿಗಳನ್ನು ಹೆಣೆದು ಒಂದು ಮಾಡಬೇಕು. ಯಾರು ಯಾರ ಮೇಲೆ?

ಈ ಪ್ರಶ್ನೆಗೆ ಅತ್ಯಂತ ಕಹಿಯಾದ ಉತ್ತರ ಸಿಕ್ಕಿದ್ದು ಯುಎಸ್ ಏರ್‌ವೇಸ್‌ನಲ್ಲಿ. 2005ರಲ್ಲಿ ಅದು ಅಮೆರಿಕ ವೆಸ್ಟ್ ಕಂಪನಿಯೊಂದಿಗೆ ಒಂದಾಯಿತು. ಯುಎಸ್ ಏರ್‌ವೇಸ್ ಹಳೆಯ ಕಂಪನಿ, ಆಗ ಎರಡನೇ ಬಾರಿಗೆ ದಿವಾಳಿ ಪ್ರಕ್ರಿಯೆಯಲ್ಲಿತ್ತು. ಅದರ ಸುಮಾರು 5,100 ಪೈಲಟ್‌ಗಳ ಪೈಕಿ ಸುಮಾರು 1,700 ಮಂದಿ ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿದ್ದರು. ಅಮೆರಿಕ ವೆಸ್ಟ್ 1983ರಲ್ಲಿ ಹಾರಾಟ ಆರಂಭಿಸಿದ ಎಳೆಯ ಕಂಪನಿ. ಅದರ ಪೈಲಟ್‌ಗಳು ಸುಮಾರು 1,900. ಇಬ್ಬರೂ ಅಲ್ಪಾ ಸದಸ್ಯರೇ. 'ಪೂರ್ವ'ದವರ, ಅಂದರೆ ಯುಎಸ್ ಏರ್‌ವೇಸ್ ಕಡೆಯವರ ವಾದ: ಸೇವೆಗೆ ಸೇರಿದ ದಿನಾಂಕವೇ ಮಾನದಂಡವಾಗಲಿ, ನಮ್ಮಲ್ಲಿ ಹಿರಿಯರು ಬೇಗ ನಿವೃತ್ತರಾಗುತ್ತಾರೆ, ಆ ಖಾಲಿ ಜಾಗಗಳಿಗಾಗಿ ನಾವು ವರ್ಷಗಟ್ಟಲೆ ಕಾದಿದ್ದೇವೆ. 'ಪಶ್ಚಿಮ'ದವರ, ಅಂದರೆ ಅಮೆರಿಕ ವೆಸ್ಟ್ ಕಡೆಯವರ ವಾದ: ನಿಮ್ಮ ಕಂಪನಿ ಮುಳುಗುತ್ತಿತ್ತು, ವಿಲೀನವಾಗದಿದ್ದರೆ ನಿಮಗೆ ಪಟ್ಟಿಯೇ ಉಳಿಯುತ್ತಿರಲಿಲ್ಲ.

ಅಲ್ಪಾ ನಿಯಮದಂತೆ ವಿಷಯ ಮಧ್ಯಸ್ಥಗಾರರ ಮುಂದೆ ಹೋಯಿತು. 2007ರ ಮೇ ತಿಂಗಳಲ್ಲಿ ಜಾರ್ಜ್ ನಿಕೊಲಾವ್ ತೀರ್ಪು ನೀಡಿದರು. ಪಶ್ಚಿಮದವರಲ್ಲಿ ಇಲ್ಲದ ಅಗಲ ದೇಹದ ದೊಡ್ಡ ವಿಮಾನಗಳನ್ನು ಹಾರಿಸುತ್ತಿದ್ದ ಪೂರ್ವದ 517 ಹಿರಿಯರಿಗೆ ಪಟ್ಟಿಯ ತುದಿ. ಕೆಲಸದಿಂದ ಹೊರಗಿದ್ದ ಪೂರ್ವದವರಿಗೆ ತಳ. ನಡುವಿನವರನ್ನು ಅನುಪಾತದ ಪ್ರಕಾರ ಹೆಣೆಯಲಾಯಿತು. ಇದರ ಪರಿಣಾಮ ಕಾಗದದ ಮೇಲೆ ಹೀಗೆ ಕಂಡಿತು: ಹದಿನಾರು ವರ್ಷಕ್ಕೂ ಹೆಚ್ಚು ಸೇವೆ ಮಾಡಿದ ಪೂರ್ವದ ಪೈಲಟ್‌ನ ಹೆಸರಿನ ಪಕ್ಕದಲ್ಲಿ, ವಿಲೀನಕ್ಕೆ ಕೆಲವೇ ತಿಂಗಳ ಮುಂಚೆ ಸೇರಿದ ಪಶ್ಚಿಮದ ಪೈಲಟ್‌ನ ಹೆಸರು. ಈ ಒಂದು ಸಾಲನ್ನು ಕಲ್ಪಿಸಿಕೊಳ್ಳಿ, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಮಧ್ಯಸ್ಥಗಾರರ ತರ್ಕದಲ್ಲಿ ಹುರುಳಿತ್ತು ಎಂದೇ ನನಗನಿಸುತ್ತದೆ: ಹೊರಗಿದ್ದವನಿಗೆ ವಿಲೀನಕ್ಕೆ ಮುನ್ನ ಕೆಲಸವೇ ಇರಲಿಲ್ಲ, ಕೆಲಸದಲ್ಲಿದ್ದವನನ್ನು ಅವನ ಕೆಳಗೆ ಹಾಕುವುದು ಹೇಗೆ? ಆದರೆ ಹದಿನಾರು ವರ್ಷ ಕಳೆದುಕೊಂಡವನ ನೋವು ತರ್ಕಕ್ಕೆ ಬಗ್ಗುವಂಥದ್ದಲ್ಲ.

ಪೂರ್ವದವರು ತೀರ್ಪಿನ ಸಿಟ್ಟನ್ನು ಅಲ್ಪಾ ಮೇಲೆ ತಿರುಗಿಸಿದರು. ಸೇವೆಗೆ ಸೇರಿದ ದಿನಾಂಕವನ್ನೇ ಧ್ಯೇಯವಾಗಿ ಬರೆದುಕೊಂಡ ಯುಸಾಪಾ ಎಂಬ ಹೊಸ ಸಂಘ ಹುಟ್ಟಿತು. 2008ರ ಏಪ್ರಿಲ್‌ನಲ್ಲಿ ಅದು 2,723 ಮತ ಪಡೆಯಿತು, ಅಲ್ಪಾ 2,254. ಪಶ್ಚಿಮದವರು ಒಗ್ಗಟ್ಟಾಗಿ ವಿರೋಧಿಸಿದರೂ ಲೆಕ್ಕದಲ್ಲಿ ಗೆಲ್ಲಲು ಆಗುವಂತಿರಲಿಲ್ಲ.

ಗೆದ್ದ ಮೇಲೆ ಏನು ಸಿಕ್ಕಿತು? ಪಶ್ಚಿಮದವರು ಫೀನಿಕ್ಸ್‌ನಲ್ಲಿ ಮೊಕದ್ದಮೆ ಹೂಡಿದರು. 2009ರಲ್ಲಿ ಜ್ಯೂರಿ ಅವರ ಪರ ನಿಂತಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ವಿವಾದ ಇನ್ನೂ ತೀರ್ಮಾನಕ್ಕೆ ಪಕ್ವವಾಗಿಲ್ಲ ಎಂದು ಅದನ್ನು ರದ್ದುಪಡಿಸಿತು. ಇತ್ತ ಎರಡೂ ಬಣಗಳನ್ನು ಒಳಗೊಂಡ ಜಂಟಿ ಒಪ್ಪಂದವೇ ಆಗಲಿಲ್ಲ. ಪೂರ್ವದ ಪೈಲಟ್‌ಗಳು ದಿವಾಳಿ ಕಾಲದಲ್ಲಿ ಕಡಿತಗೊಂಡ ವೇತನ ದರದಲ್ಲೇ ವರ್ಷಗಟ್ಟಲೆ ಹಾರಿದರು. ಒಂದೇ ಕಂಪನಿಯ ಹೆಸರಿನಡಿ ಎರಡು ಪೈಲಟ್ ಪಡೆಗಳು, ಎರಡು ಒಪ್ಪಂದಗಳು. 2013ರ ಡಿಸೆಂಬರ್‌ನಲ್ಲಿ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ವಿಲೀನವಾಯಿತು, 2014ರಲ್ಲಿ ಪ್ರಾತಿನಿಧ್ಯ ಅಲೈಡ್ ಸಂಘಕ್ಕೆ ಹೋಯಿತು, ಯುಸಾಪಾದ ಕಾಲ ಮುಗಿಯಿತು. 2015ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ, ಯುಸಾಪಾ ಪಶ್ಚಿಮದವರಿಗೆ ನ್ಯಾಯಯುತ ಪ್ರಾತಿನಿಧ್ಯ ನೀಡುವ ಕರ್ತವ್ಯವನ್ನು ಉಲ್ಲಂಘಿಸಿದೆ ಎಂದು ತೀರ್ಪಿತ್ತಿತು. ಅಂತಿಮ ಪಟ್ಟಿ ಬಂದದ್ದು 2016ರಲ್ಲಿ, ಮತ್ತೆ ಮಧ್ಯಸ್ಥಗಾರರಿಂದಲೇ. ಮಧ್ಯಸ್ಥಗಾರರ ತೀರ್ಪಿನಿಂದ ತಪ್ಪಿಸಿಕೊಳ್ಳಲು ಸಂಘ ಬಿಟ್ಟವರು ಎಂಟು ವರ್ಷಗಳ ನಂತರ ಇನ್ನೊಂದು ಮಧ್ಯಸ್ಥಗಾರರ ತಂಡದ ಮುಂದೆ ಕೂತಿದ್ದರು.

ನ್ಯಾಯಯುತ ಪ್ರಾತಿನಿಧ್ಯದ ಈ ಕರ್ತವ್ಯದ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಎರಡು ತೀರ್ಪುಗಳು ನೆನಪಿರಲಿ. 1944ರ ಸ್ಟೀಲ್ ಪ್ರಕರಣದಲ್ಲಿ, ಬಿಳಿಯರ ರೈಲ್ವೆ ಸಂಘ ಕಪ್ಪು ಫೈರ್‌ಮನ್‌ಗಳ (ರೈಲು ಎಂಜಿನ್‌ನ ಬೆಂಕಿ ನೋಡಿಕೊಳ್ಳುವವರ) ಕೆಲಸ ಕಸಿಯುವ ಒಪ್ಪಂದ ಮಾಡಿಕೊಂಡಾಗ, ಏಕಮಾತ್ರ ಪ್ರಾತಿನಿಧ್ಯದ ಅಧಿಕಾರವಿರುವ ಸಂಘಕ್ಕೆ ತನ್ನ ಸದಸ್ಯರಲ್ಲದವರನ್ನೂ ನ್ಯಾಯವಾಗಿ ಪ್ರತಿನಿಧಿಸುವ ಹೊಣೆಯಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 1991ರ ಓನೀಲ್ ಪ್ರಕರಣ ಅಲ್ಪಾ ವಿರುದ್ಧವೇ, ಕಾಂಟಿನೆಂಟಲ್ ಪೈಲಟ್‌ಗಳ 1983ರಿಂದ 1985ರವರೆಗಿನ ಮುಷ್ಕರವನ್ನು ಮುಗಿಸಿದ ಒಪ್ಪಂದದ ಬಗ್ಗೆ. ಅಲ್ಲಿ ನ್ಯಾಯಾಲಯ ಸಂಘದ ಪರ ನಿಂತಿತು: ಕೆಟ್ಟ ಒಪ್ಪಂದ ಮಾಡಿಕೊಂಡದ್ದೇ ಕರ್ತವ್ಯಲೋಪವಲ್ಲ, ನಡೆ ಮನಸೋಇಚ್ಛೆಯದ್ದೋ, ತಾರತಮ್ಯದ್ದೋ, ದುರುದ್ದೇಶದ್ದೋ ಆಗಿರಬೇಕು. ಮೊದಲ ತೀರ್ಪು ಬಾಗಿಲು ತೆರೆಯಿತು, ಎರಡನೆಯದು ಅದನ್ನು ಕಿರಿದಾಗಿಸಿತು.

ಬಿಡೋಣ ಎನ್ನುವವರ ವಾದ ಪೊಳ್ಳು ಎಂದು ಇದರಿಂದ ತೀರ್ಮಾನಿಸಬೇಡಿ. ರಾಷ್ಟ್ರೀಯ ಸಂಘಕ್ಕೆ ಒಂದೇ ಹೊತ್ತಿನಲ್ಲಿ ಹಲವು ಕಂಪನಿಗಳ ಪೈಲಟ್‌ಗಳ ಹಿತ ಕಾಯಬೇಕಾದ ಇಕ್ಕಟ್ಟಿದೆ, ಅದು ನಿಜವಾದ ಸಮಸ್ಯೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಕಂಪನಿಯನ್ನು ಕೊಂಡಾಗ ಅಲ್ಪಾ ಸದಸ್ಯರಾಗಿದ್ದ ಟಿಡಬ್ಲ್ಯುಎ ಪೈಲಟ್‌ಗಳಲ್ಲಿ ಬಹುಪಾಲು ಜನ ಪಟ್ಟಿಯ ತಳಕ್ಕೆ ಬಿದ್ದರು. ಅಮೆರಿಕನ್ ಪೈಲಟ್‌ಗಳನ್ನು ಮರಳಿ ತನ್ನೊಳಗೆ ಸೆಳೆಯುವ ಆಸೆಯಿಂದ ಅಲ್ಪಾ ತಮ್ಮ ಪರ ಗಟ್ಟಿಯಾಗಿ ಹೋರಾಡಲಿಲ್ಲ ಎಂದು ಅವರು ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಜ್ಯೂರಿ ಅವರ ಮಾತನ್ನು ಒಪ್ಪಿತು, ಕೊನೆಗೆ 5.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಪಟ್ಟಿಯ ತಳಕ್ಕೆ ಬಿದ್ದ ಈ ಅನ್ಯಾಯದ ನೆನಪಿನಿಂದಲೇ, ಜ್ಯೂರಿ ತೀರ್ಪಿಗೂ ಮೊದಲು, 2007ರ ಕೊನೆಯಲ್ಲಿ ಮೆಕ್ಯಾಸ್ಕಿಲ್–ಬಾಂಡ್ ಕಾನೂನು ಬಂತು. ವಿಲೀನದಲ್ಲಿ ಜ್ಯೇಷ್ಠತೆಯನ್ನು ನ್ಯಾಯಸಮ್ಮತವಾಗಿ ಹೆಣೆಯಬೇಕೆಂದು ಅದು ಕಡ್ಡಾಯ ಮಾಡಿತು. ಅಲ್ಪಾ ಕೂಡ 1991ರಲ್ಲಿ ಕೈಬಿಟ್ಟಿದ್ದ ಸೇವಾವಧಿಯ ಅಂಶವನ್ನು 2009ರಲ್ಲಿ ತನ್ನ ವಿಲೀನ ನೀತಿಗೆ ಮರಳಿ ಸೇರಿಸಿತು. ಯುಎಸ್ ಏರ್‌ವೇಸ್‌ನವರು ಹೊರನಡೆದ ಮೇಲೆ ಆದ ಬದಲಾವಣೆ ಇದು.

ಉಳಿಯೋಣ ಎನ್ನುವವರು ಎಣಿಸುವುದು ಬೇರೆ ಸಂಗತಿಗಳನ್ನು: ಅಪಘಾತ ತನಿಖೆಯಲ್ಲಿ ಪಳಗಿದ ತಜ್ಞರು, ವೈದ್ಯಕೀಯ ಮತ್ತು ಕಾನೂನು ನೆರವು, ವಾಷಿಂಗ್ಟನ್‌ನಲ್ಲಿ ಸದಾ ಕಿವಿ ತೆರೆದಿರುವ ಕಚೇರಿ, ಮುಷ್ಕರ ಕಾಲದ ನಿಧಿ. ಇವು ದಿನನಿತ್ಯ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಮತದಾನದ ಹೊತ್ತಿಗೆ ಇವುಗಳ ಪರ ಮಾತನಾಡುವುದು ಕಷ್ಟ. ಬಿಟ್ಟು ಮರಳಿದವರ ಸಾಲೂ ಚಿಕ್ಕದಲ್ಲ. ಕಾಂಟಿನೆಂಟಲ್ ಪೈಲಟ್‌ಗಳು 2001ರಲ್ಲಿ, ಫೆಡೆಕ್ಸ್ ಪೈಲಟ್‌ಗಳು 2002ರಲ್ಲಿ ಅಲ್ಪಾಕ್ಕೆ ಹಿಂದಿರುಗಿದರು. 1995ರಲ್ಲಿ ಕೆನಡಾದ ರಾಷ್ಟ್ರೀಯ ಪೈಲಟ್ ಸಂಘದಿಂದ ಹೊರಬಂದಿದ್ದ ಏರ್ ಕೆನಡಾ ಪೈಲಟ್‌ಗಳು 2023ರಲ್ಲಿ ಅಲ್ಪಾ ಸೇರಿದರು. ಸೌತ್‌ವೆಸ್ಟ್‌ನವರು ಮಾತ್ರ ಸ್ವತಂತ್ರರಾಗಿಯೇ ಚೆನ್ನಾಗಿ ನಡೆಸಿಕೊಂಡು ಬಂದಿದ್ದಾರೆ.

ಈಗ ನಮ್ಮ ದೇಶಕ್ಕೆ ಬನ್ನಿ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನವಾದಾಗ ಇಲ್ಲಿಯೂ ಇದೇ ಜಗಳ ಎದ್ದಿತು, ಆದರೆ ಒಂದೇ ಸಂಘದ ನಿಯಮ ಇಲ್ಲದ ಕಾರಣ ಅದು ಬೇರೆ ರೂಪ ತಾಳಿತು. ಏರ್ ಇಂಡಿಯಾ ಕಡೆಯ ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸ್ ಕಡೆಯ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್, ಎರಡೂ ಹಾಗೆಯೇ ಉಳಿದವು. 2011ರಲ್ಲಿ ಎರಡನೆಯ ಸಂಘ ಸಮಾನ ವೇತನಕ್ಕಾಗಿ ಮುಷ್ಕರ ಹೂಡಿತು. 2012ರಲ್ಲಿ ಮೊದಲನೆಯ ಸಂಘದ ಸರದಿ: ಹೊಸ ಬೋಯಿಂಗ್ 787 ತರಬೇತಿಯನ್ನು ಇನ್ನೊಂದು ಬಣದವರಿಗೂ ಕೊಟ್ಟರೆ ತಮ್ಮ ಬಡ್ತಿ ಹಿಂದೆ ಬೀಳುತ್ತದೆ ಎಂದು 58 ದಿನ ಕೆಲಸ ನಿಲ್ಲಿಸಿದರು. ಎರಡೂ ಸಲ ಆಡಳಿತ ಆಯಾ ಸಂಘದ ಮಾನ್ಯತೆ ರದ್ದುಪಡಿಸಿತು. ಅಮೆರಿಕದಲ್ಲಿ ಒಂದೇ ಸಂಘದೊಳಗೆ ಕುದಿದದ್ದು ಇಲ್ಲಿ ಎರಡು ಸಂಘಗಳ ನಡುವೆ ಕುದಿಯಿತು. ಇಲ್ಲಿ ಕೈಮೇಲಾದದ್ದು ಆಡಳಿತದ್ದು, ಏಕೆಂದರೆ ಒಂದು ಬಣ ನೆಲದ ಮೇಲಿದ್ದಾಗ ಇನ್ನೊಂದು ಬಣ ಹಾರುತ್ತಿತ್ತು.

2020ರ ಕೈಗಾರಿಕಾ ಸಂಬಂಧ ಸಂಹಿತೆ ನಮ್ಮನ್ನು ಅಮೆರಿಕದ ಮಾದರಿಯ ಹತ್ತಿರಕ್ಕೆ ತರುತ್ತದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಸಂಧಾನಕಾರ ಸಂಘ. ಯಾರಿಗೂ ಅಷ್ಟು ಬೆಂಬಲವಿಲ್ಲದಿದ್ದರೆ ಸಂಧಾನ ಮಂಡಳಿ, ಅದರಲ್ಲಿ ಶೇ 20ರ ಬೆಂಬಲಕ್ಕೆ ಒಬ್ಬ ಪ್ರತಿನಿಧಿ. ಮುಂದಿನ ಸಲ ಸೇರುವ ಮುನ್ನ ಎಲ್ಲರೂ ಸಂಹಿತೆಯ ಎರಡನೇ ಅನುಸೂಚಿಯಲ್ಲಿರುವ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯನ್ನು ಓದಿ ಬನ್ನಿ. ಪಶ್ಚಿಮದ ಆ 1,900 ಪೈಲಟ್‌ಗಳು ನಮ್ಮಲ್ಲಿದ್ದಿದ್ದರೆ, ಆ ಪಟ್ಟಿಯ ಯಾವ ಸಾಲನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದರು ಎಂಬುದನ್ನು ಅಲ್ಲಿ ಚರ್ಚಿಸೋಣ.