ಹವಳದ ಸಂದಿಯ ಪುಟ್ಟ ಏಡಿ: ತೆಗೆಯಬೇಕೋ, ಬಿಡಬೇಕೋ?

ಪ್ರಶ್ನೆ: ಅಕ್ವೇರಿಯಂಗೆ ಹೊಸದಾಗಿ ತಂದ ಹವಳದ ಕೊಂಬೆಗಳ ನಡುವೆ ಉಗುರಿನಷ್ಟು ಏಡಿಯೊಂದು ಕೂತಿದೆ. ಹವಳವನ್ನು ಕೆರೆದು ತಿನ್ನುವಂತೆ ಕಾಣುತ್ತದೆ. ತೆಗೆದುಹಾಕಬೇಕೇ?

ಉತ್ತರ: ಮೊದಲು ಅದರ ಬೆನ್ನು ನೋಡಿ. ರೋಮವಿಲ್ಲದೆ ನುಣುಪಾಗಿ ಹೊಳೆಯುತ್ತಿದ್ದರೆ, ಪೊಸಿಲೊಪೊರಾ ಎಂಬ ಹವಳದಲ್ಲಿ ಅದು ಬಹುಮಟ್ಟಿಗೆ ಟ್ರಪೀಜಿಯಾ ಏಡಿ, ಅಕ್ರೊಪೊರಾ ಎಂಬ ಹವಳದಲ್ಲಿ ಟೆಟ್ರಾಲಿಯಾ ಏಡಿ. ಎರಡನ್ನೂ ಬಿಟ್ಟುಬಿಡಿ. ಮೈತುಂಬ ರೋಮವಿದ್ದು ಇಕ್ಕಳದ ತುದಿ ಕಪ್ಪಗಿದ್ದರೆ ಮಾತ್ರ ಅನುಮಾನ ಪಡಿ; ಅಂಥವುಗಳಲ್ಲಿ ಹವಳದ ಮಾಂಸವನ್ನೇ ಕಿತ್ತು ತಿನ್ನುವವೂ ಇವೆ.

ಕೆರೆಯುವುದಂತೂ ನಿಜ. ಟ್ರಪೀಜಿಯಾದ ಕಾಲುಗಳ ತುದಿಯಲ್ಲಿ ಬಾಚಣಿಗೆಯಂಥ ಗಡುಸು ರೋಮಗಳ ಸಾಲಿದೆ. ಅದರಿಂದ ಹವಳದ ಲೋಳೆಯನ್ನೂ ಕೊಬ್ಬಿನ ಕಣಗಳನ್ನೂ ಬಾಚಿ ಬಾಯಿಗಿಡುತ್ತದೆ. ಆರೋಗ್ಯವಂತ ಹವಳಕ್ಕೆ ಇದು ದೊಡ್ಡ ನಷ್ಟವಲ್ಲ, ಪ್ರತಿಯಾಗಿ ಸಿಗುವುದು ಬಹಳ. ಮುಳ್ಳುಕಿರೀಟದ ನಕ್ಷತ್ರಮೀನು ಹವಳ ತಿನ್ನಲು ಹತ್ತಿದಾಗ ಏಡಿ ಅದರ ಮುಳ್ಳು, ಕೊಳವೆಗಾಲುಗಳನ್ನು ಹಿಡಿದು ಜಗ್ಗುತ್ತದೆ; ಅದೇ ಹವಳದಲ್ಲಿರುವ ಆಲ್ಫಿಯಸ್ ಸಿಗಡಿ ಇಕ್ಕಳ ಚಟಪಟಿಸುತ್ತಾ ಕೈಜೋಡಿಸುತ್ತದೆ. ಪನಾಮಾದ ಪೆಸಿಫಿಕ್ ತೀರದಲ್ಲಿ ಇದನ್ನು ಬಹುಕಾಲ ಅಧ್ಯಯನ ಮಾಡಿದವರು ಹವಳ ವಿಜ್ಞಾನಿ ಪೀಟರ್ ಗ್ಲಿನ್. 1982–83ರ ಎಲ್ ನಿನೊ ಬಿಸಿಗೆ ಅಲ್ಲಿನ ಪೊಸಿಲೊಪೊರಾ ಸಾಲುಗಳು ಸತ್ತಾಗ ಕಾವಲೂ ಹೋಯಿತು. ಅವುಗಳ ಹಿಂದೆ ಸುರಕ್ಷಿತವಾಗಿದ್ದ ಬೇರೆ ಹವಳಗಳತ್ತ ನಕ್ಷತ್ರಮೀನು ಸರಾಗವಾಗಿ ನುಗ್ಗಿತು.

ನನ್ನ ಪ್ರಕಾರ ಕಾವಲಿಗಿಂತ ಹೆಚ್ಚಿನ ಉಪಕಾರ ಕಸ ಗುಡಿಸುವುದು. ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದಲ್ಲಿ ನಡೆದ ಪ್ರಯೋಗದಲ್ಲಿ ಏಡಿಗಳನ್ನು ತೆಗೆದ ಹವಳಗಳ ಮೇಲೆ ಮರಳು, ಹೂಳು ಕೂತು, ತಿಂಗಳೊಳಗೇ ಅನೇಕವು ಸತ್ತವು. ಏಡಿ ಇದ್ದವು ಉಳಿದವು.

ಒಂದು ಹವಳಕ್ಕೆ ಸಾಮಾನ್ಯವಾಗಿ ಒಂದು ಜೋಡಿ. ಅದೇ ಜಾತಿಯ ಇನ್ನೊಂದು ದೊಡ್ಡ ಏಡಿ ಬಿಟ್ಟರೆ ಜಗಳ ಖಚಿತ.

ಆದರೆ ಎಲ್ಲ ಪುಟ್ಟ ಅತಿಥಿಗಳೂ ಸಜ್ಜನರಲ್ಲ. ಅಕ್ರೊಪೊರಾದ ಮೇಲೆ ಸುಮಾರು ಅರ್ಧ ಮಿಲಿಮೀಟರಿನ, ಹಳದಿ ಮೈಯಲ್ಲಿ ಕೆಂಪು ಚುಕ್ಕೆಯ ಜೀವಿಗಳು ಹರಿದಾಡುತ್ತಿದ್ದು, ಹವಳವಾಗಿ ಕೂಡಿ ಬೆಳೆಯುವ ಮೃದು ಜೀವಿಗಳಾದ ಪಾಲಿಪ್‌ಗಳು ಹೊರಗೆ ಬಾರದಿದ್ದರೆ ಅದು ಟೆಗಾಸ್ಟಿಸ್ ಎಂಬ ಕೋಪಿಪಾಡ್, ಅಂದರೆ ಏಡಿ-ಸಿಗಡಿಗಳ ದೂರದ ಬಂಧುವಾದ ಅತಿ ಸಣ್ಣ ಜೀವಿ. ಇದಕ್ಕೆ ಬಳಸುವ ಮಿಲ್ಬಿಮೈಸಿನ್ ಎಂಬ ಔಷಧವು ಏಡಿ, ಸಿಗಡಿಗಳನ್ನೂ ಕೊಲ್ಲುತ್ತದೆ. ಹಾಗಾಗಿ ಹವಳವನ್ನು ಬೇರೆ ತೊಟ್ಟಿಗೆ ಒಯ್ದು, ಏಡಿಯನ್ನು ಮೊದಲೇ ಬಿಡಿಸಿಕೊಂಡು, ಆಮೇಲೆ ಔಷಧ ಹಾಕಿ. ಹೊಸ ಹವಳವನ್ನು ಕೀಟನಾಶಕ ದ್ರಾವಣದಲ್ಲಿ ಅದ್ದುವಾಗಲೂ ಏಡಿಗಳು ಉದುರುತ್ತವೆ. ಬಕೆಟ್ಟಿನ ತಳ ನೋಡದೆ ನೀರು ಚೆಲ್ಲಬೇಡಿ.