ಮೊದಲ ಕೋಟೇ ಮುಖ: ಆರ್‌ಸಿ ಕಾರಿನ ಪಾರದರ್ಶಕ ಬಾಡಿಗೆ ಬಣ್ಣ ಹಾಕುವ ಕ್ರಮ

ಆರ್‌ಸಿ (ರೇಡಿಯೊ ಕಂಟ್ರೋಲ್, ಅಂದರೆ ರಿಮೋಟಿನಿಂದ ಓಡಿಸುವ) ಮಾಡೆಲ್ ರೇಸ್ ಕಾರಿನ ಪಾರದರ್ಶಕ ಬಾಡಿಗೆ, ಅಂದರೆ ಮೇಲಿನ ಕವಚಕ್ಕೆ, ಬಣ್ಣ ಬೀಳುವುದು ಒಳಗಿನಿಂದ. ಇಷ್ಟು ಎಲ್ಲರಿಗೂ ಗೊತ್ತು. ಜೊತೆಗೆ ಹೊಸಬರಿಗೆ ಒಂದು ಸೂತ್ರವನ್ನೂ ಬಾಯಿಪಾಠ ಮಾಡಿಸುತ್ತಾರೆ: ಕಡು ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಸೂತ್ರ ಸುಳ್ಳಲ್ಲ, ಆದರೆ ಅರ್ಧ. ಅದರ ಹಿಂದಿನ ಕಾರಣ ಗೊತ್ತಿಲ್ಲದಿದ್ದರೆ ಎರಡು ಬಣ್ಣದವರೆಗೆ ಹೇಗೋ ಸಾಗುತ್ತದೆ, ಮೂರನೆಯದಕ್ಕೆ ಬಂದಾಗ ಗೊಂದಲ ಶುರು. ಹಾಗಾಗಿ ಈ ಟಿಪ್ಪಣಿಯಲ್ಲಿ ಕ್ರಮದ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ಉಳಿದದ್ದು ಅದಕ್ಕೆ ಬೇಕಾದಷ್ಟೇ.

ಹಾಳೆಯ ಸ್ವಭಾವ

ಬಾಡಿ ಆಗಿರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಿಂದ. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಹರ್ಮನ್ ಷ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ ಇದನ್ನು ಕಂಡುಹಿಡಿದರು. ಜನರಲ್ ಎಲೆಕ್ಟ್ರಿಕ್ ಇಟ್ಟ ಮಾರಾಟದ ಹೆಸರು ಲೆಕ್ಸಾನ್. ಆರ್‌ಸಿ ಜನ ಇವತ್ತಿಗೂ ಯಾವ ಕಂಪನಿಯ ಹಾಳೆಯಾದರೂ 'ಲೆಕ್ಸಾನ್ ಬಾಡಿ' ಅಂತಲೇ ಕರೆಯುವುದು.

ಈ ಪ್ಲಾಸ್ಟಿಕ್ 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗತೊಡಗುತ್ತದೆ. ಹಾಳೆಯನ್ನು ಅದಕ್ಕೂ ಮೇಲೆ ಕಾಯಿಸಿ, ಅಚ್ಚಿನ ಮೇಲೆ ಇಳಿಸಿ, ಕೆಳಗಿನಿಂದ ಗಾಳಿ ಎಳೆದುಬಿಟ್ಟರೆ ಅಚ್ಚಿಗೆ ಅಂಟಿಕೊಂಡು ಕಾರಿನ ಆಕಾರ ಪಡೆಯುತ್ತದೆ. 1/10 ಅಳತೆಯ (ನಿಜ ಕಾರಿನ ಹತ್ತರಲ್ಲೊಂದು ಗಾತ್ರದ) ಕಾರುಗಳಿಗೆ ಸಾಮಾನ್ಯವಾಗಿ 0.75 ಅಥವಾ 1 ಮಿಲಿಮೀಟರ್ ದಪ್ಪದ ಹಾಳೆ. ಹಗುರ ಬೇಕೆಂದವರಿಗೆ 0.5. ಟ್ರ್ಯಾಕಿನ ಸೀಳಿನಲ್ಲಿ ಓಡುವ 1/24 ಅಳತೆಯ ಸ್ಲಾಟ್ ರೇಸಿಂಗ್ ಕಾರುಗಳಲ್ಲಿ ಕಾಲು ಮಿಲಿಮೀಟರ್ ಆಸುಪಾಸಿನವೂ ಉಂಟು. ಎಳೆದು ಹಿಗ್ಗಿಸಿದ ಹಾಳೆ ಎಲ್ಲೆಡೆ ಒಂದೇ ದಪ್ಪ ಉಳಿಯುವುದಿಲ್ಲ. ಅಚ್ಚಿಗೆ ಮೊದಲು ತಾಗಿದ ಮೇಲ್ಭಾಗ ದಪ್ಪ, ಕೆಳಗಿನ ಅಂಚು ಮತ್ತು ಮೂಲೆಗಳು ತೆಳು. ಆ ಮೂಲೆಗಳಲ್ಲಿ ಒಳಗೊಳಗೇ ಬಿಗಿತವೂ ಉಳಿದಿರುತ್ತದೆ. ತಿನ್ನರ್, ಅಸಿಟೋನ್, ಪೆಟ್ರೋಲ್, ಸ್ಕ್ರೂ ಸಡಿಲವಾಗದಂತೆ ಹಾಕುವ ಥ್ರೆಡ್‌ಲಾಕ್ ದ್ರವ, ಇವು ತಾಗಿದರೆ ಮೊದಲು ಬಿರುಕು ಬಿಡುವುದು ಅಲ್ಲೇ. ಪೇಂಟನ್ನು ಒಂದೇ ಸಲಕ್ಕೆ ಒದ್ದೆಯಾಗಿ ಸುರಿಯಬಾರದು ಎನ್ನುವುದಕ್ಕೆ ಒಂದು ಕಾರಣ ಇದು.

ಪೇಂಟು ಯಾವುದು

ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಬೇಡ. ಹಾಕಿದ ದಿನ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಾರು ಗೋಡೆಗೆ ಬಡಿದಾಗ ಬಾಡಿ ಬಾಗಿ ವಾಪಸ್ ಬರುತ್ತದೆ, ಬಿರುಸಾದ ಪೇಂಟು ಬರುವುದಿಲ್ಲ, ಚಕ್ಕೆಯಾಗಿ ಉದುರುತ್ತದೆ. ಪಾಲಿಕಾರ್ಬೊನೇಟ್‌ಗೆಂದೇ ಮಾಡಿದ ಪೇಂಟು ಒಣಗಿದ ಮೇಲೂ ಬಾಗುತ್ತದೆ. ತಮಿಯಾ ಕಂಪನಿಯಲ್ಲಿ ಇದಕ್ಕೆ ಪಿಎಸ್ ಸರಣಿ. ಅದೇ ಅಂಗಡಿಯಲ್ಲಿ, ಅದೇ ಕಪಾಟಿನಲ್ಲಿ, ಹೆಚ್ಚುಕಡಿಮೆ ಅದೇ ರೀತಿ ಕಾಣುವ ಟಿಎಸ್ ಸರಣಿಯೂ ಇರುತ್ತದೆ. ಅದು ಗಟ್ಟಿ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ. ಕೊಳ್ಳುವಾಗ ಆ ಮೊದಲ ಅಕ್ಷರ ನೋಡಿಕೊಳ್ಳಿ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಪೇಂಟು ಸಿಂಪಡಿಸುವ ಪೆನ್ನಿನಂಥ ಸಾಧನ) ಇದ್ದವರಿಗೆ ನೀರು ಬೆರೆಯುವ ಪೇಂಟುಗಳೂ ಸಿಗುತ್ತವೆ. ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳದ ಪದರ, ಬೇಕಿಲ್ಲ. ಯೋಚಿಸಿ ನೋಡಿ: ಪ್ರೈಮರ್ ಹಾಕಿದರೆ ಹೊರಗಿನಿಂದ ಕಾಣುವುದು ಪ್ರೈಮರೇ.

ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಸ್ಪ್ರೇ ಕ್ಯಾನ್ ತರಿಸೋಣ ಅನ್ನುವ ಯೋಚನೆ ಇದ್ದರೆ ಬಿಡಿ. ಪೇಂಟಿನ ಸ್ಪ್ರೇ ಕ್ಯಾನನ್ನು ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ.

ಕ್ರಮದ ಲೆಕ್ಕ

ಮೈಸೂರು, ತಂಜಾವೂರು ಕಡೆಯ ಹಳೆಯ ಗಾಜಿನ ಚಿತ್ರಗಳನ್ನು ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಗಾಜಿನ ಹಿಂಬದಿಗೆ ಬರೆದು ಮುಂದಿನಿಂದ ನೋಡುವ ಚಿತ್ರಗಳವು. ಅಲ್ಲಿ ಮೊದಲು ಬರುವುದು ಕಣ್ಣುಗುಡ್ಡೆ, ಮೂಗುತಿ, ಒಡವೆಯ ಗೆರೆ, ಅದರ ಹಿಂದೆ ಮೈಬಣ್ಣ, ಸೀರೆ, ಹಿನ್ನೆಲೆ ಕಟ್ಟಕಡೆಗೆ. ನಮ್ಮ ಬಾಡಿಯೂ ಅಷ್ಟೇ. ಮೊದಲ ಕೋಟು ಮುಖ. ಆಮೇಲಿನದೆಲ್ಲ ಅದರ ಬೆನ್ನಿಗೆ. ಮುಖದಲ್ಲಿ ತಪ್ಪಾದರೆ ಮೇಲೊಂದು ಕೋಟು ಹಾಕಿ ಮುಚ್ಚುವ ದಾರಿ ಇಲ್ಲ. ಇದಕ್ಕೆ ಪ್ರತಿಯಾಗಿ ಒಂದು ಲಾಭವೂ ಇದೆ: ಹೊಳಪು ಕೊಡುವುದು ಪ್ಲಾಸ್ಟಿಕ್, ಪೇಂಟಲ್ಲ. ಮೊದಲ ಕೋಟು ಸರಿಯಾಗಿ ಕೂತ ಮೇಲೆ ಬೆನ್ನಿಗೆ ಧೂಳು ಕೂತರೂ, ಅಲ್ಲಲ್ಲಿ ಒರಟಾದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪಾಲಿಷ್, ಕ್ಲಿಯರ್ ಕೋಟ್ ಯಾವುದೂ ಬೇಡ.

ಈಗ ಸೂತ್ರಕ್ಕೆ ಬರೋಣ. ಯಾವ ಪೇಂಟಿನ ಪದರವೂ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಕೆಲವು ಹೆಚ್ಚು ತಡೆಯುತ್ತವೆ, ಕೆಲವು ಕಡಿಮೆ. ಕಪ್ಪು ಬಲವಾಗಿ ಮುಚ್ಚುತ್ತದೆ, ಅದರ ಹಿಂದೆ ಏನು ಬಿದ್ದರೂ ಕಾಣದು. ಹಳದಿ, ಕೆಂಪು, ಕಿತ್ತಳೆ ದುರ್ಬಲ. ಫ್ಲೋರೆಸೆಂಟ್ ಬಣ್ಣಗಳಂತೂ ಬಲು ದುರ್ಬಲ; ಹಿಂದೆ ಬಿಳಿ ಇಲ್ಲದಿದ್ದರೆ ಅವುಗಳ ಉರಿ ಪೂರ್ತಿ ಆರಿಹೋಗುತ್ತದೆ. ಹಾಗಾಗಿ ನಿಜವಾದ ಸೂತ್ರ ಕಡು-ತಿಳಿಯದಲ್ಲ: ಚೆನ್ನಾಗಿ ಮುಚ್ಚುವ ಬಣ್ಣ ಮೊದಲು, ಮುಚ್ಚದ ಬಣ್ಣ ಆಮೇಲೆ, ಮುಚ್ಚದ ಬಣ್ಣದ ಬೆನ್ನಿಗೆ ಏನು ಬರಬೇಕೋ ಅದು ಕೊನೆಗೆ. ಬಹಳಷ್ಟು ಕಡು ಬಣ್ಣಗಳು ಚೆನ್ನಾಗಿ ಮುಚ್ಚುತ್ತವೆ, ಅದಕ್ಕೇ ಹಳೆಯ ಸೂತ್ರ ಎಷ್ಟೋ ಸಲ ಸರಿಹೋಗುತ್ತದೆ.

ಸರಿಹೋಗುವ ಉದಾಹರಣೆ ಮೊದಲು. ವಿಜಯ್ ಮಲ್ಯ ಅವರ ಫಾರ್ಮುಲಾ 1 (ಎಫ್1) ರೇಸ್ ತಂಡ ಫೋರ್ಸ್ ಇಂಡಿಯಾದ 2009ರ ಕಾರು ವಿಜೆಎಂ02 ನೆನಪಿರಬಹುದು. ಬಿಳಿ ಮೈ, ಮೇಲೆ ಕೇಸರಿ ಮತ್ತು ಹಸಿರು. ಆ ವರ್ಷ ಬೆಲ್ಜಿಯಂನ ಸ್ಪಾದಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಇದರಲ್ಲೇ ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ) ಪಡೆದು, ರೇಸಿನಲ್ಲಿ ಕಿಮಿ ರೈಕೊನೆನ್ ಹಿಂದೆ ಎರಡನೆಯವರಾಗಿ ಮುಗಿಸಿದರು. 1/10 ಅಳತೆಯ ಎಫ್1 ಬಾಡಿಗೆ ಈ ಬಣ್ಣ ಹಾಕುವುದಾದರೆ ಮೊದಲು ಹಸಿರು, ಆಮೇಲೆ ಕೇಸರಿ, ಕೊನೆಗೆ ಇಡೀ ಬಾಡಿಗೆ ಬಿಳಿ. ಕೊನೆಯ ಬಿಳಿ ಎರಡು ಕೆಲಸ ಮಾಡುತ್ತದೆ: ಮೈಬಣ್ಣವೂ ಅದೇ, ಕೇಸರಿಯ ಬೆನ್ನೂ ಅದೇ. ಹೆಚ್ಚುವರಿ ಕೋಟಿಲ್ಲ, ಹೆಚ್ಚುವರಿ ತೂಕವಿಲ್ಲ.

ಇನ್ನು ಕಷ್ಟದ್ದು. ಗಲ್ಫ್ ತೈಲ ಕಂಪನಿಯ ತಿಳಿನೀಲಿ-ಕಿತ್ತಳೆ ಜೋಡಿ ರೇಸಿಂಗ್ ಮಾಡೆಲ್‌ನವರಿಗೆಲ್ಲ ಅಚ್ಚುಮೆಚ್ಚು. ಜೆಡಬ್ಲ್ಯು ಆಟೊಮೊಟಿವ್ ತಂಡದ ಫೋರ್ಡ್ ಜಿಟಿ40, ಷಾಸಿ ಸಂಖ್ಯೆ 1075, ಈ ಬಣ್ಣದಲ್ಲೇ 1968 ಮತ್ತು 1969ರ ಲೆ ಮಾನ್ಸ್ 24 ಗಂಟೆ ರೇಸುಗಳೆರಡನ್ನೂ ಗೆದ್ದಿತು. ಒಂದೇ ಕಾರು, ಎರಡು ಗೆಲುವು. ಇದರಲ್ಲಿ ಕಡು ಯಾವುದು, ತಿಳಿ ಯಾವುದು? ಹಳೆಯ ಸೂತ್ರ ಇಲ್ಲಿ ಬಾಯಿ ಬಿಡುವುದಿಲ್ಲ. ಮುಚ್ಚುವ ಗುಣ ಕೇಳಿ ನೋಡಿ, ಉತ್ತರ ಕೂಡಲೇ ಸಿಗುತ್ತದೆ. ತಿಳಿನೀಲಿಯಲ್ಲಿ ಬಿಳಿ ಬೆರೆತಿರುವುದರಿಂದ ಅದು ಚೆನ್ನಾಗಿಯೇ ಮುಚ್ಚುತ್ತದೆ, ಕಿತ್ತಳೆ ಮುಚ್ಚುವುದಿಲ್ಲ. ಆದ್ದರಿಂದ ಕಿತ್ತಳೆಯ ನಡುಪಟ್ಟೆಗೆ ಮಾಸ್ಕ್ (ಪೇಂಟು ತಾಗದಂತೆ ಅಂಟಿಸುವ ಮುಚ್ಚಿಗೆ) ಇಟ್ಟು ನೀಲಿ ಮೊದಲು; ಪಟ್ಟೆಯ ಮಾಸ್ಕ್ ತೆಗೆದು ಕಿತ್ತಳೆ; ಕೊನೆಗೆ ಎಲ್ಲದರ ಬೆನ್ನಿಗೆ ಬಿಳಿ. ಉಲ್ಟಾ ಹೊರಟು ಕಿತ್ತಳೆ ಮೊದಲು ಹಾಕಿದರೂ ಆಗದ್ದೇನಲ್ಲ. ಆದರೆ ನೀಲಿಗೆ ಮುಂಚೆ ಆ ಪಟ್ಟೆಗಷ್ಟೇ ಬಿಳಿ ಬೆನ್ನು ಕೊಡಬೇಕು. ಮರೆತರೆ ಕಿತ್ತಳೆಯ ಹಿಂದೆ ನೀಲಿ ಬಿದ್ದು ಪಟ್ಟೆ ಮಣ್ಣುಮಣ್ಣಾಗುತ್ತದೆ. ಪಟ್ಟೆಯ ಅಂಚಿಗೆ ತೆಳುವಾದ ಕಡುನೀಲಿ ಗೆರೆ ಬೇಕಿದ್ದರೆ ಅದು ಎಲ್ಲಕ್ಕಿಂತ ಮೊದಲು.

ಸೂತ್ರ ತಲೆಕೆಳಗಾಗುವ ಬಣ್ಣಗಳೂ ಇವೆ. ಸಿಲ್ವರ್ ನೋಡಲು ತಿಳಿ, ಆದರೆ ಗಟ್ಟಿಯಾಗಿ ಮುಚ್ಚುತ್ತದೆ. ಅದನ್ನು ಮೊದಲೇ ಹಾಕಬಹುದು. ಕ್ಯಾಂಡಿ ಬಣ್ಣಗಳು, ಅಂದರೆ ಪಾರದರ್ಶಕ ಕೆಂಪು, ಪಾರದರ್ಶಕ ನೇರಳೆಯಂಥವು, ಕಡುವಾಗಿ ಕಂಡರೂ ಏನನ್ನೂ ಮುಚ್ಚುವುದಿಲ್ಲ. ಅವುಗಳ ಬೆನ್ನಿಗೆ ಸಿಲ್ವರ್ ಬಿದ್ದರೆ ಲೋಹದ ಹೊಳಪು, ಬಿಳಿ ಬಿದ್ದರೆ ಮಿಠಾಯಿ ಬಣ್ಣ, ಕಪ್ಪು ಬಿದ್ದರೆ ಹೆಚ್ಚುಕಡಿಮೆ ಕಪ್ಪೇ. ಕನ್ನಡಿಯಂತೆ ಹೊಳೆಯುವ ಕ್ರೋಮ್ ಪೇಂಟಿಗೆ ಮಾತ್ರ ಬೆನ್ನು ಕಪ್ಪೇ ಆಗಬೇಕು. ಬಿಳಿಯನ್ನು ನಂಬಿ ಕೂರುವುದೂ ಬೇಡ. ಅದೂ ಅರೆಬರೆ ಮುಚ್ಚುವ ಬಣ್ಣವೇ. ಬಿಳಿಯ ಹಿಂದೆ ಒಂದು ಸಿಲ್ವರ್ ಕೋಟು ಹಾಕಿದರೆ ಒಳಗಿನ ಬ್ಯಾಟರಿ, ವೈರುಗಳ ನೆರಳು ಕಾಣುವುದಿಲ್ಲ. ಸಂದೇಹವಿದ್ದರೆ ಮೊಬೈಲ್ ಟಾರ್ಚ್ ಹಚ್ಚಿ ಬಾಡಿಯ ಒಳಗಿಟ್ಟು ಹೊರಗಿನಿಂದ ನೋಡಿ. ಎಲ್ಲಿ ತೆಳುವೋ ಅಲ್ಲಿ ಬೆಳಗುತ್ತದೆ.

ಕೈಕೆಲಸ

ಮೊದಲು ತೂತುಗಳ ಗುರುತು. ಬಾಡಿ ಪಾರದರ್ಶಕವಾಗಿರುವಾಗಲೇ ಷಾಸಿಯ ಮೇಲೆ ಕೂರಿಸಿ, ಚಕ್ರಗಳು ಕಮಾನಿನ ನಡುವೆ ಬಂದಿವೆಯೇ ನೋಡಿ, ಬಾಡಿಯನ್ನು ಹಿಡಿದಿಡುವ ಪೋಸ್ಟ್‌ಗಳು (ಷಾಸಿಯ ಪುಟ್ಟ ಕಂಬಗಳು) ತಾಗುವ ಜಾಗಕ್ಕೆ, ಬಾಡಿಯ ಹೊರಮೈಗೆ ಅಂಟಿರುವ ರಕ್ಷಣೆಯ ಫಿಲ್ಮಿನ ಮೇಲೆ ಮಾರ್ಕರ್‌ನಿಂದ ಚುಕ್ಕೆ ಇಡಿ. ಬಣ್ಣ ಬಿದ್ದ ಮೇಲೆ ಇದು ಬರೀ ಊಹೆಯ ಕೆಲಸ. ಹೊರಗಿನ ಫಿಲ್ಮನ್ನು ಎಲ್ಲ ಮುಗಿಯುವವರೆಗೂ ಕೀಳಬೇಡಿ. ಹಾರಿ ಬಂದ ಪೇಂಟೆಲ್ಲ ಅದರ ಮೇಲೆ ಕೂರಲಿ.

ಆಮೇಲೆ ತೊಳೆಯುವುದು. ಅಚ್ಚಿನಿಂದ ಬಂದ ಜಿಡ್ಡು, ನಮ್ಮ ಬೆರಳಿನ ಎಣ್ಣೆ ಎರಡೂ ಹೋಗಬೇಕು. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಮೆತ್ತನೆಯ ಸ್ಪಂಜು ಸಾಕು. ತಂತಿ ನಾರು ಮುಟ್ಟಿಸಬೇಡಿ. ಸ್ವಲ್ಪ ಉಜ್ಜಿ ಒರಟು ಮಾಡಿದರೆ ಪೇಂಟು ಚೆನ್ನಾಗಿ ಹಿಡಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಮೆಟಾಲಿಕ್, ಕ್ಯಾಂಡಿ ಹಾಕುವವರು ಆ ಮಾತು ಕೇಳಬೇಡಿ, ಗೀರೆಲ್ಲ ಮುಂದಿನಿಂದ ಕಾಣುತ್ತದೆ.

ಕಿಟಕಿಯ ಸ್ಟಿಕ್ಕರ್ ಮಾಸ್ಕ್ ಸಾಮಾನ್ಯವಾಗಿ ಬಾಡಿಯ ಜೊತೆಗೇ ಬರುತ್ತದೆ, ಒಳಗೆ ಅಂಟಿಸಬೇಕು. ನೇರ ಪಟ್ಟೆಗೆ ಟೇಪು, ಸೊಟ್ಟ ವಿನ್ಯಾಸಕ್ಕೆ ಲಿಕ್ವಿಡ್ ಮಾಸ್ಕ್, ಅಂದರೆ ಒಣಗಿದ ಮೇಲೆ ರಬ್ಬರಿನಂತೆ ಕೀಳಬಹುದಾದ ದ್ರವ. ಲಿಕ್ವಿಡ್ ಮಾಸ್ಕನ್ನು ಮೂರ್ನಾಲ್ಕು ಕೋಟು ದಪ್ಪಗೆ ಬಳಿದು ಪೂರ್ತಿ ಒಣಗಿಸಿ. ತೆಳುವಾದರೆ ಕೀಳುವಾಗ ಚೂರುಚೂರಾಗಿ ಬರುತ್ತದೆ. ವಿನ್ಯಾಸವನ್ನು ಹೊರಗಿನ ಫಿಲ್ಮಿನ ಮೇಲೆ ಬರೆದುಕೊಂಡು, ಅದನ್ನು ನೋಡುತ್ತ ಒಳಗಿನಿಂದ ಕತ್ತರಿಸುವುದು. ಇಲ್ಲಿ ಕೈ ನಿಧಾನವಾಗಲಿ. ಹೊಸ ಬ್ಲೇಡು, ಬ್ಲೇಡಿನ ಭಾರಕ್ಕಿಂತ ತುಸುವೇ ಹೆಚ್ಚು ಒತ್ತಡ. ಮಾಸ್ಕ್ ಕೊಯ್ಯುವಾಗ ಬ್ಲೇಡು ಬೆಣ್ಣೆಯಲ್ಲಿ ಹೋದ ಹಾಗೆ ಸದ್ದಿಲ್ಲದೆ ಹೋಗುತ್ತದೆ. ಕರಕರ ಎಂದರೆ ಪ್ಲಾಸ್ಟಿಕ್ಕಿಗೆ ತಾಗಿತೆಂದೇ ಲೆಕ್ಕ. ಆ ಗೀರಿನಲ್ಲಿ ಪೇಂಟು ಕೂತು ಗೆರೆಯಾಗಿ ಕಾಣುವುದು ಒಂದು ತೊಂದರೆ, ಮುಂದೆ ಡಿಕ್ಕಿಯಾದಾಗ ಬಾಡಿ ಸೀಳುವುದೂ ಅದೇ ಗೆರೆಯಿಂದ. ಎರಡು ಗೆರೆ ಸೇರುವ ಮೂಲೆಯಲ್ಲಿ ಮಾಸ್ಕ್ ಅರ್ಧಕ್ಕೆ ಹರಿಯದಿರಲು ಗೆರೆಗಳು ಕೂದಲೆಳೆಯಷ್ಟು ಒಂದನ್ನೊಂದು ದಾಟಿರಬೇಕು.

ಮಾಸ್ಕಿನ ಅಂಚನ್ನು ಉಗುರಿನಿಂದ ಒತ್ತಿದ ಮೇಲೂ ಪೇಂಟು ನುಸುಳುವ ಭಯ ಇದ್ದೇ ಇರುತ್ತದೆ. ಮೊದಲ ಸುತ್ತು ಬರೀ ಮಂಜಿನಷ್ಟು ತೆಳುವಾಗಿ, ಅಂಚಿಗೆ ನೇರವಾಗಿ ಸಿಂಪಡಿಸಿ ಒಣಗಲು ಬಿಟ್ಟರೆ ಅದೇ ಅಂಚನ್ನು ಮುಚ್ಚುತ್ತದೆ. ಕ್ಯಾನ್ 20ರಿಂದ 30 ಸೆಂಟಿಮೀಟರ್ ದೂರ. ಬಾಡಿಯ ಆಚೆ ಶುರುವಾಗಿ, ಬಾಡಿ ದಾಟಿದ ಮೇಲೆ ನಿಲ್ಲಿಸಿ. ಏರ್‌ಬ್ರಷ್‌ಗೆ 15ರಿಂದ 25 ಪಿಎಸ್‌ಐ ಒತ್ತಡ ಸಾಕು. ಸಿಂಪಡಿಸುವ ಮುನ್ನ ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಹನಿ ಸಣ್ಣದಾಗುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ, ಒಳಗಿರುವುದು ಒತ್ತಡದ ಅನಿಲ. ಮೂಗಿಗೆ ಬಟ್ಟೆಯ ಮಾಸ್ಕ್ ಸಾಲದು, ಸಾಲ್ವೆಂಟ್ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಮಂಗಳೂರು, ಉಡುಪಿ ಕಡೆಯವರು ಆಷಾಢದ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದಿದ್ದರೆ ಒಳ್ಳೆಯದು. ಸಾಲ್ವೆಂಟ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಪೇಂಟಿಗೆ ಬಿಳಿ ಮಬ್ಬು ಹಿಡಿಯುತ್ತದೆ. ತಡೆಯಲಾಗದಿದ್ದರೆ ಮಧ್ಯಾಹ್ನದ ಹೊಳವು ನೋಡಿ, ಕೋಟಿನ ನಡುವೆ ಹೇರ್ ಡ್ರೈಯರ್‌ನ ಹದವಾದ ಗಾಳಿ ಹಿಡಿಯಿರಿ.

ಕೊನೆಯ ಹಂತ

ಕಿಟಕಿಗೆ ಹೊಗೆಬಣ್ಣ ಬೇಕಾದರೆ (ತಮಿಯಾದಲ್ಲಿ ಪಿಎಸ್-31) ಬಾಡಿಯ ಬೆನ್ನೆಲ್ಲ ಗಟ್ಟಿಯಾಗಿ ಮುಚ್ಚಿದ ಮೇಲಷ್ಟೇ ಕಿಟಕಿಯ ಮಾಸ್ಕ್ ತೆಗೆದು ಒಂದೆರಡು ತೆಳು ಸುತ್ತು. ಬೆನ್ನು ತೆಳುವಿದ್ದರೆ ಹೊಗೆಬಣ್ಣ ಅದರ ಮೂಲಕ ಇಣುಕಿ ಬಿಳಿಯನ್ನು ಕೊಳಕು ಮಾಡುತ್ತದೆ. ಪೇಂಟು ದಪ್ಪವಾಗಿದ್ದರೆ ಮಾಸ್ಕನ್ನು ಸುಮ್ಮನೆ ಎಳೆಯದೆ ಅಂಚಿನ ಪೇಂಟಿಗೆ ಬ್ಲೇಡು ಹಗುರವಾಗಿ ಆಡಿಸಿ, ಮಾಸ್ಕನ್ನು ಹಿಂದಕ್ಕೆ ಮಡಚಿ ಎಳೆಯಿರಿ. ಕಿಟಕಿಗೆ ಹಾರಿದ ಸಣ್ಣ ಚುಕ್ಕೆಗಳು ಹಲ್ಲುಕಡ್ಡಿಯಿಂದ ಉಜ್ಜಿದರೆ ಬರುತ್ತವೆ. ತಿನ್ನರ್ ತೆಗೆದುಕೊಂಡರೆ ಕಿಟಕಿಯೇ ಹೋಗುತ್ತದೆ.

ಒಂದು ದಿನ ಒಣಗಿದ ಮೇಲೆ ಕತ್ತರಿ. ಚಕ್ರದ ಕಮಾನಿಗೆ ಬಾಗಿದ ಬಾಯಿಯ ಕತ್ತರಿಯೇ ಸರಿ. ನೇರ ಅಂಚಿಗೆ ಬ್ಲೇಡಿನಿಂದ ಹಗುರ ಗೀರು ಎಳೆದು ಹಿಂದೆಮುಂದೆ ಬಾಗಿಸಿದರೆ ಗೀರಿನ ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಪೋಸ್ಟ್ ತೂತಿಗೆ ಡ್ರಿಲ್ಲಿಗಿಂತ ಮೊನಚು ರೀಮರ್ (ಕೈಯಿಂದ ತಿರುಗಿಸುತ್ತ ತೂತು ದೊಡ್ಡದು ಮಾಡುವ ಉಪಕರಣ) ಮೇಲು. ಡ್ರಿಲ್ ತೆಳು ಹಾಳೆಯನ್ನು ಕಚ್ಚಿ ಹರಿಯುತ್ತದೆ. ಕತ್ತರಿಸಿದ ಅಂಚಿಗೆ ನಯವಾದ ಸ್ಯಾಂಡ್‌ಪೇಪರ್ ಆಡಿಸಿ.

ಫಿಲ್ಮ್ ಕಿತ್ತ ಮೇಲೆ ಸ್ಟಿಕ್ಕರ್, ಹೊರಗಿನಿಂದ. ಸಾಬೂನು ನೀರು ಸಿಂಪಡಿಸಿದರೆ ಸ್ಟಿಕ್ಕರ್ ಜಾರುತ್ತದೆ, ಜಾಗ ಸರಿಮಾಡಿಕೊಂಡು ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಿರಿ. ಮುಂದಿನ ಬಂಪರ್ ಮೂಲೆಗಳು ತೆಳುವೆಂದು ಆಗಲೇ ಹೇಳಿದೆ. ರೇಸಿಗೆ ಇಳಿಸುವ ಬಾಡಿಯಾದರೆ ಅಲ್ಲಿ ಒಳಗಿನಿಂದ ಪ್ಲಾಸ್ಟರ್ ಕೆಲಸದ ಫೈಬರ್ ಜಾಲರಿ ಟೇಪಿನ ತುಂಡಿಟ್ಟು, ಒಣಗಿದ ಮೇಲೂ ಬಾಗುವ ಷೂ ಅಂಟನ್ನು ತೆಳುವಾಗಿ ಸವರಿ ರಾತ್ರಿಯಿಡೀ ಬಿಡಿ.