ಹಳೇ ಪಿಕಪ್‌ಗೆ ದೊಡ್ಡ ಟೈರ್ ಹಾಕಿಸಬಹುದೇ?

ಪ್ರಶ್ನೆ: ನನ್ನದು 2012ರ ಬೊಲೆರೊ ಪಿಕಪ್. ಸಕಲೇಶಪುರದ ಕಡೆ ತೋಟ. ಕಾಫಿ, ಮೆಣಸು, ಗೊಬ್ಬರ ಎಲ್ಲ ಇದರಲ್ಲೇ ಸಾಗಬೇಕು. ಈಗಿರುವುದು 215/75 ಆರ್15 ಟೈರ್. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಚಕ್ರ ಹೂತುಕೊಳ್ಳುತ್ತದೆ, ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ಅದೇ ಡಿಸ್ಕಿಗೆ 235/75 ಆರ್15 ಹಾಕಿಸಿ, ಗಾಡಿ ಎತ್ತರ ಆಗುತ್ತದೆ, ಏನೂ ತೊಂದರೆ ಇಲ್ಲ ಅಂತಾರೆ ಟೈರ್ ಅಂಗಡಿಯವರು. ಹಾಕಿಸಲೇ?

ಉತ್ತರ: ಲೋಡು ಹೊರುವ ಗಾಡಿಗೆ ಬೇಡ. ಇಷ್ಟೇ ಹೇಳಿ ನಿಲ್ಲಿಸಿದರೆ ನಾಳೆ ನೀವು ಅದೇ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬರುತ್ತೀರಿ, ಗೊತ್ತು. ಅಂಗಡಿಯವರ ಮಾತಿನಲ್ಲಿ ಅರ್ಧ ನಿಜವೂ ಇದೆ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

215/75 ಆರ್15 ಎಂದರೆ ಟೈರಿನ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75, ಒಳಗಿನ ಡಿಸ್ಕು 15 ಇಂಚು. ‘ಆರ್’ ಅಂದರೆ ರೇಡಿಯಲ್. ಒಂದೇ ಸಾಲಿನಲ್ಲಿ ಮಿಲಿಮೀಟರೂ ಇಂಚೂ ಕೂಡಿಸಿದ ಪುಣ್ಯಾತ್ಮರು ಯಾರೋ, ಲೆಕ್ಕ ಮಾಡುವಾಗ ಇಂಚನ್ನು 25.4ರಿಂದ ಗುಣಿಸಿಕೊಳ್ಳಬೇಕು. ಹಾಗೆ ಮಾಡಿದರೆ ನಿಮ್ಮ ಈಗಿನ ಟೈರಿನ ಒಟ್ಟು ಎತ್ತರ 703.5 ಮಿ.ಮೀ. 235/75 ಆರ್15ರದ್ದು 733.5 ಮಿ.ಮೀ. ವ್ಯತ್ಯಾಸ 30 ಮಿ.ಮೀ., ಅಂದರೆ ಶೇ 4.3ರ ಆಸುಪಾಸು.

ಗಾಡಿ 30 ಮಿ.ಮೀ. ಮೇಲೇಳುತ್ತದೆ ಅಂದುಕೊಳ್ಳಬೇಡಿ. ಆಕ್ಸಲ್ ಕೂತಿರುವುದು ಚಕ್ರದ ನಡುವೆ. ಆದ್ದರಿಂದ ಮೇಲೇಳುವುದು ಅರ್ಧ ಮಾತ್ರ, 15 ಮಿ.ಮೀ. ನಿಮ್ಮ ಕಿರುಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದರಲ್ಲಿ ಇನ್ನೊಂದು ಗುಟ್ಟಿದೆ. ಹೊಸ ಟೈರಿನ ಗ್ರಿಪ್ ಎಂಟೊಂಬತ್ತು ಮಿ.ಮೀ. ಆಳ ಇರುತ್ತದೆ. ಪೂರ್ತಿ ಸವೆದ ಟೈರಿನಲ್ಲಿ ಒಂದೂವರೆ, ಎರಡು ಉಳಿದಿರುತ್ತದೆ. ಅಂದರೆ ಸವೆದ ಟೈರ್ ತೆಗೆದು ಅದೇ ಸೈಜಿನ ಹೊಸದನ್ನು ಹಾಕಿದರೂ ಗಾಡಿ ಆರೇಳು ಮಿ.ಮೀ. ಮೇಲೆ ಬರುತ್ತದೆ. ‘ದೊಡ್ಡ ಟೈರ್ ಹಾಕಿಸಿದೆ, ಗಾಡಿ ಎಷ್ಟು ಎತ್ತರ ಆಯ್ತು ನೋಡಿ’ ಎಂದು ಗೆಳೆಯರು ಹೇಳುವಾಗ ಅದರಲ್ಲಿ ಹೊಸ ಟೈರಿನ ಪಾಲು ಎಷ್ಟು, ದೊಡ್ಡ ಟೈರಿನ ಪಾಲು ಎಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ.

ಹಾಗಾದರೆ ಅಂಗಡಿಯವರ ಅರ್ಧ ನಿಜ ಯಾವುದು? ಹಿಂದಿನ ಆಕ್ಸಲ್‌ನ ನಡುವೆ ಇರುವ ಡಿಫರೆನ್ಶಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳ ಗುಂಡು, ಕಲ್ಲಿಗೆ ಬಡಿಯುತ್ತಿದ್ದರೆ ಅದನ್ನು ಎತ್ತರಿಸಲು ದೊಡ್ಡ ಚಕ್ರ ಬಿಟ್ಟು ಬೇರೆ ದಾರಿ ಇಲ್ಲ. ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಕೂಡಿಸಿದರೆ ಚಾಸಿ ಮೇಲೇಳುತ್ತದೆ, ಬಾಡಿ ಮೇಲೇಳುತ್ತದೆ, ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತದೆ. ಇದನ್ನು ಅವರು ಸರಿಯಾಗಿಯೇ ತಿಳಿದಿದ್ದಾರೆ. ಆದರೆ ನಿಮ್ಮ ಕಾಗದದಲ್ಲಿ ಇನ್ನೊಂದು ಮಾತೂ ಇದೆ: ಚಕ್ರ ಹೂತುಕೊಳ್ಳುತ್ತದೆ ಎನ್ನುವುದು. ಅದು ಎತ್ತರದ ಸಮಸ್ಯೆಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೋಡಿನ ವಿಷಯ, ನಾನು ಬೇಡ ಎಂದದ್ದು ಮುಖ್ಯವಾಗಿ ಇದಕ್ಕೇ. ಟೈರಿನ ಪಕ್ಕದಲ್ಲಿ ಸೈಜಿನ ನಂತರ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. 105ಎಸ್ ಎಂದೋ 112 ಎಂದೋ. ಅದರಲ್ಲಿ ಸಂಖ್ಯೆ ಲೋಡ್ ಇಂಡೆಕ್ಸ್, ಅಕ್ಷರ ವೇಗದ ಮಿತಿ. 100 ಎಂದಿದ್ದರೆ ಒಂದು ಟೈರ್ ಹೊರಬಹುದಾದ ಭಾರ 800 ಕಿಲೊ, 105ಕ್ಕೆ 925 ಕಿಲೊ, 108ಕ್ಕೆ 1,000 ಕಿಲೊ, 112ಕ್ಕೆ 1,120 ಕಿಲೊ. ಅಂಗಡಿಯಲ್ಲಿ 235/75 ಆರ್15 ಎಂದು ಕೇಳಿದರೆ ಸಿಗುವುದರಲ್ಲಿ ಬಹಳಷ್ಟು ಜೀಪು, ಎಸ್‌ಯುವಿಗೆಂದು ಮಾಡಿದ 105ರ ಟೈರು. ನೋಡಲು ದಪ್ಪ, ಅಗಲ, ಭರ್ಜರಿ. ಆದರೆ ಏಳು ಜನ ಕೂರುವ ಗಾಡಿಗೆ ಮಾಡಿದ್ದು. ಸರಕು ಗಾಡಿಗೆಂದೇ ಬರುವ, 8 ಪಿಆರ್ (ಪ್ಲೈ ರೇಟಿಂಗ್, ಅಂದರೆ ಟೈರಿನ ಪದರಗಳ ಬಲ) ಎಂಬ ಗುರುತಿನ ಟೈರು ಅದಕ್ಕಿಂತ ಚಿಕ್ಕದಾಗಿ ಕಂಡರೂ ಹೆಚ್ಚು ಹೊರಬಲ್ಲದು. ಹೆಚ್ಚು ಗಾಳಿ ತುಂಬಿಸಿಕೊಳ್ಳುವ ಶಕ್ತಿಯೂ ಅದಕ್ಕೇ ಇರುವುದು.

ಗೊಬ್ಬರದ ಮೂಟೆ ತುಂಬಿದಾಗ ಹಿಂದಿನ ಆಕ್ಸಲ್ ಮೇಲೆ 1,900 ಕಿಲೊ ಬಿತ್ತು ಅಂದುಕೊಳ್ಳಿ. ಒಂದೊಂದು ಟೈರಿಗೆ 950. 105ರ ಟೈರಿನ ಮಿತಿ ಅಲ್ಲಿಗೇ ದಾಟಿತು. ಮೇಲಿಂದ ಗುಂಡಿಗೆ ಬಿದ್ದಾಗಿನ ಹೊಡೆತ, ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ವಾಲುವ ಭಾರ ಬೇರೆ. ಅಂಥ ಟೈರು ಅಂದೇ ಒಡೆಯುವುದಿಲ್ಲ. ಪಕ್ಕದ ಗೋಡೆ ಬಾಗಿ ಬಾಗಿ ಕಾಯುತ್ತದೆ, ಒಳಗಿನ ಪದರ ಸಡಿಲವಾಗುತ್ತದೆ, ಒಂದು ದಿನ ಬಿಸಿಲಲ್ಲಿ ಹೈವೇಯಲ್ಲಿ ಹೋಗುವಾಗ ಹಾರಿಹೋಗುತ್ತದೆ. ಆಗ ಎಲ್ಲರೂ ಬೈಯುವುದು ಟೈರ್ ಕಂಪನಿಯನ್ನು.

ಇನ್ನು ಡಿಸ್ಕು. ನಿಮ್ಮದರ ಮೇಲೆ 5.5 ಜೆ ಅಥವಾ 6 ಜೆ ಎಂದು ಅಚ್ಚು ಇರುತ್ತದೆ, ಮಣ್ಣು ಉಜ್ಜಿ ನೋಡಿ. ಅದು ಡಿಸ್ಕಿನ ಅಗಲ, ಇಂಚಿನಲ್ಲಿ. 215ರ ಟೈರು 5.5 ಇಂಚಿನ ಡಿಸ್ಕಿನ ಮೇಲೆ ಕೂರುತ್ತದೆ. 235ಕ್ಕೆ ಕನಿಷ್ಠ 6 ಬೇಕು. ಕಿರಿದಾದ ಡಿಸ್ಕಿನ ಮೇಲೂ ಹೊಡೆದು ಕೂರಿಸಿಬಿಡುತ್ತಾರೆ, ಗಾಳಿಯೂ ನಿಲ್ಲುತ್ತದೆ. ಆದರೆ ಟೈರು ಬಲೂನಿನಂತೆ ಉಬ್ಬಿ ನಡುವೆ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಒಳಬದಿಗೆ 10 ಮಿ.ಮೀ. ಹೆಚ್ಚಾಗುವುದರಿಂದ ಹಿಂದೆ ಸ್ಪ್ರಿಂಗ್ ಪ್ಲೇಟಿಗೆ, ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಬಹುದು. ಅಂಗಡಿಯ ಮುಂದೆ ಖಾಲಿ ಗಾಡಿಯಲ್ಲಿ ಉಜ್ಜದ ಟೈರು ಲೋಡು ಬಿದ್ದು ಸ್ಪ್ರಿಂಗ್ ತಗ್ಗಿದಾಗ ಉಜ್ಜುತ್ತದೆ.

ಎಳೆತವೂ ಕಡಿಮೆಯಾಗುತ್ತದೆ, ಅದೇ ಶೇ 4ರಷ್ಟು. ಕಿವಿಗೆ ಸಣ್ಣದೆನಿಸುತ್ತದೆ. ಆದರೆ ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಉಸಿರು ಹಿಡಿದು ಹತ್ತುತ್ತಿದ್ದ ಗಾಡಿಯನ್ನು ಎರಡಕ್ಕೆ ಇಳಿಸಬೇಕಾಗುತ್ತದೆ. ತೋಟದ ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಕ್ಲಚ್ಚಿನ ಮೇಲೆ ಬೀಳುತ್ತದೆ. ಅಷ್ಟು ವರ್ಷ ದುಡಿದ ಎಂಜಿನ್ನು, ಕ್ಲಚ್ಚು ಎಂಬುದನ್ನು ಮರೆಯಬೇಡಿ. ಬ್ರೇಕಿಗೂ ಇದೇ ಲೆಕ್ಕ.

ಮೀಟರಿನದು ಬೇರೆಯೇ ತಮಾಷೆ. ಅದಕ್ಕೆ ಗೊತ್ತಿರುವುದು ಚಕ್ರದ ಸುತ್ತು ಮಾತ್ರ. ಮೀಟರು 80 ತೋರಿಸುವಾಗ ನೀವು 83ರಲ್ಲಿ ಇರುತ್ತೀರಿ. ನಿಜವಾಗಿ 500 ಕಿ.ಮೀ. ಓಡಿದರೆ ಮೀಟರಿನಲ್ಲಿ ಏರುವುದು 480. ಅದಕ್ಕೆ 40 ಲೀಟರ್ ಡೀಸೆಲ್ ಹೋಗಿದ್ದರೆ ನಿಜವಾದ ಮೈಲೇಜು 12.5, ನಿಮ್ಮ ಲೆಕ್ಕದಲ್ಲಿ 12. ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜು ಬಿತ್ತು ಎನ್ನುವವರ ದೂರಿನಲ್ಲಿ ಒಂದು ಪಾಲು ಡೀಸೆಲಿನದಲ್ಲ, ಮೀಟರಿನದು.

ಕಾನೂನಿನ ಕಡೆಯಿಂದಲೂ ಒಂದು ಮಾತು. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಕೇಂದ್ರ ನಿಯಮಗಳಲ್ಲಿ ಟೈರಿನ ಸೈಜು ಮತ್ತು ಪ್ಲೈ ಬಗ್ಗೆಯೇ 95ನೇ ನಿಯಮ ಇದೆ. ನಿಮ್ಮದು ಹಳದಿ ಬೋರ್ಡಾದರೆ ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ವರ್ಷವರ್ಷವೂ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಹೋಗಲೇಬೇಕು. ಎಫ್‌ಸಿ ದಿನ ಹಳೇ ಟೈರ್ ಹಾಕಿಕೊಂಡು ಹೋಗಿ ಬರುವವರಿದ್ದಾರೆ, ನನಗೂ ಗೊತ್ತು. ಅಪಘಾತವಾದ ದಿನ ವಿಮೆಯ ಸರ್ವೇಯರ್ ಬಂದು ನೋಡುವುದು ಆಗ ಚಕ್ರದಲ್ಲಿರುವ ಟೈರನ್ನು.

ಈಗ ಹೂತುಕೊಳ್ಳುವ ಚಕ್ರಕ್ಕೆ ಬರೋಣ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು 6.00-16 ಟೈರು, ಅಂದರೆ ಆರೇ ಇಂಚು ಅಗಲ. ಕೆಸರಿನಲ್ಲಿ ಅದು ತೇಲುತ್ತಿರಲಿಲ್ಲ, ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ಮಲೆನಾಡಿನ ತೋಟದ ದಾರಿಯಲ್ಲಿ ಬಹಳ ಕಡೆ ಕೆಸರಿನ ಕೆಳಗೆ ಗಟ್ಟಿ ತಳ ಇರುತ್ತದೆ. ಅಲ್ಲಿ ಅಗಲ ಟೈರು ಮೇಲೆಯೇ ಜಾರುತ್ತದೆ. ನಿಮಗೆ ಬೇಕಿರುವುದು ಬೇರೆ ಗ್ರಿಪ್ಪು, ಬೇರೆ ಸೈಜಲ್ಲ. ಅದೇ 215/75 ಆರ್15ರಲ್ಲಿ, ಈಗಿರುವಷ್ಟೇ ಅಥವಾ ಹೆಚ್ಚಿನ ಲೋಡ್ ಇಂಡೆಕ್ಸ್ ಇರುವ, ದೊಡ್ಡ ಬಟನ್ನಿನ (ಗ್ರಿಪ್ಪಿನ ಉಬ್ಬುಗಳು ದಪ್ಪಗಿರುವ) ಟೈರನ್ನು ಹಿಂದಿನ ಎರಡು ಚಕ್ರಕ್ಕೆ ಹಾಕಿಸಿ. ಟಾರು ರಸ್ತೆಯಲ್ಲಿ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಅದನ್ನು ಸಹಿಸಬೇಕು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಅದಕ್ಕೇ ಚಕ್ರ ಸುಮ್ಮನೆ ಸುತ್ತುತ್ತದೆ. ಹಿಂದಿನ ಆಕ್ಸಲ್‌ನ ನೇರಕ್ಕೆ ನಾಲ್ಕು ಮೂಟೆ ಮರಳು ಹಾಕಿಕೊಂಡರೆ ಅರ್ಧ ಕೆಲಸ ಆಯಿತು. ಆಷಾಢದಲ್ಲಿ ಅದೂ ಸಾಲದಿದ್ದರೆ ಚಕ್ರಕ್ಕೆ ಚೈನು ಕಟ್ಟುವ ನಮ್ಮ ಜೀಪಿನವರ ಹಳೇ ಪದ್ಧತಿ ಇದ್ದೇ ಇದೆ. ಟೈರು ಅಗಲವಾದಷ್ಟೂ ಒಳಬದಿಯಲ್ಲಿ ಚೈನಿಗೆ ಜಾಗ ಕಡಿಮೆ ಎಂಬುದನ್ನೂ ಗಮನಿಸಿ.

ಗಾಡಿಯಲ್ಲಿ ಫೋರ್ ವೀಲ್ ಇದ್ದರೆ ಹಿಂದೆ ಮಾತ್ರ ಬದಲಿಸಬೇಡಿ. ನಾಲ್ಕೂ ಒಂದೇ ಅಳತೆಯವು, ಒಂದೇ ಹಂತದಲ್ಲಿ ಸವೆದವು ಆಗಿರಬೇಕು. ಇಲ್ಲದಿದ್ದರೆ ಗಟ್ಟಿ ನೆಲದಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಎಳೆದಾಡಿ ಗೇರುಗಳ ಮೇಲೆ ಬೀಳುತ್ತದೆ.

ಕೊಳ್ಳುವಾಗ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ರಿಯಾಯಿತಿಯಲ್ಲಿ ಬರುವ ‘ಹೊಸ’ ಟೈರು ಗೋದಾಮಿನಲ್ಲಿ ಎಷ್ಟು ವರ್ಷ ಮಲಗಿತ್ತು ಎಂಬುದು ಅಲ್ಲಿ ತಿಳಿಯುತ್ತದೆ. ಹಾಗೆಯೇ ಚಾಸಿಯ ಕೆಳಗೆ ನೇತಾಡುತ್ತಿರುವ ಸ್ಟೆಪ್ನಿಯದ್ದೂ ಒಮ್ಮೆ ಓದಿ ನೋಡಿ. ಅದು ಗಾಡಿಯ ಜೊತೆಗೇ ಬಂದ 2012ರದ್ದಾಗಿದ್ದರೆ ಗ್ರಿಪ್ ಎಷ್ಟೇ ಉಳಿದಿರಲಿ, ಲೋಡಿನ ದಿನ ಅದನ್ನು ಚಕ್ರಕ್ಕೆ ಹಾಕಬೇಡಿ.